ಒಂದೂವರೆ ಗ್ರಾಂ ಬಂಗಾರ, ಕೆಳಗೊಂದು ಪುಟ್ಟ ಅಕ್ಷರ

ಅಮೆರಿಕದ ಹಳೆಯ ಚಿನ್ನದ ಡಾಲರನ್ನು ಯಾರ ಅಂಗೈ ಮೇಲೆ ಇಟ್ಟರೂ ಅವರು ಮೊದಲು ಮಾಡುವ ಕೆಲಸ ಮುಷ್ಟಿ ಕಟ್ಟುವುದು. ಎಲ್ಲಿ ಬೆರಳ ಸಂದಿಯಿಂದ ಜಾರಿಬಿಡುತ್ತದೋ ಎಂಬ ದಿಗಿಲು. ಅಡ್ಡಳತೆ 13 ಮಿಲಿಮೀಟರ್, ತೂಕ 1.672 ಗ್ರಾಂ. ಆ ದೇಶದ ಸರ್ಕಾರಿ ಟಂಕಸಾಲೆಗಳು ಹೊರತಂದ ನಾಣ್ಯಗಳಲ್ಲೆಲ್ಲ ಅಡ್ಡಳತೆಯಲ್ಲಿ ಇದೇ ಅತಿ ಚಿಕ್ಕದು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಅಬ್ದುಲ್ ರಜಾಕ್ ಅಲ್ಲಿನ ಚಿನ್ನದ ನಾಣ್ಯಗಳ ಲೆಕ್ಕ ಬರೆದಿಟ್ಟಿದ್ದಾನೆ: ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ. ಈ ಡಾಲರಿನ ತೂಕ ಹೆಚ್ಚುಕಡಿಮೆ ಆ ಪ್ರತಾಪದ್ದೇ. ಹಂಪಿಯ ಚಿನಿವಾರನ ತಕ್ಕಡಿಗೆ ಹಾಕಿದ್ದರೆ ಅವನು ತೂಗಿ, ಒರೆಗೆ ಹಚ್ಚಿ, ಬದಲಿ ಎಣಿಸಿ ಕೊಡುತ್ತಿದ್ದ. ಆದರೆ ನಾಣ್ಯ ಸಂಗ್ರಹಿಸುವವರ ಲೆಕ್ಕ ಮಾತ್ರ ಅವನಿಗೆ ತಲೆಬುಡ ಹತ್ತುತ್ತಿರಲಿಲ್ಲ. ಒಂದೇ ತೂಕ, ಒಂದೇ ಮಟ್ಟದ ಚಿನ್ನ. ಆದರೂ ಒಂದಕ್ಕೆ ಚಿನ್ನದ ಬೆಲೆಗಿಂತ ಚೂರು ಹೆಚ್ಚು, ಇನ್ನೊಂದಕ್ಕೆ ಮನೆ ಕೊಳ್ಳುವಷ್ಟು ದುಡ್ಡು. ಈ ಅಂತರ ಎಲ್ಲಿಂದ ಬಂತು ಎಂದು ಕೆದಕುತ್ತಾ ಹೋಗುವುದೇ ಈ ಹುಚ್ಚಿನ ರುಚಿ.

ನಾನು ಇರುವುದು ಉತ್ತರ ಕ್ಯಾರೊಲೈನಾದ ಷಾರ್ಲಟ್‌ನಲ್ಲಿ. ನನ್ನಂಥ ಅನೇಕರನ್ನು ಇಲ್ಲಿಗೆ ಕರೆತಂದದ್ದು ಬ್ಯಾಂಕುಗಳ ಸಾಫ್ಟ್‌ವೇರ್ ಕೆಲಸ. ಊರು ಬ್ಯಾಂಕಿನ ಊರಾಗುವ ಎಷ್ಟೋ ಮೊದಲೇ ಟಂಕಸಾಲೆಯ ಊರಾಗಿತ್ತು ಎನ್ನುವುದು ಇಲ್ಲಿ ವರ್ಷಗಟ್ಟಲೆ ಬದುಕಿದವರಿಗೂ ಗೊತ್ತಿರುವುದಿಲ್ಲ. 1838ರಿಂದ 1861ರವರೆಗೆ ಇಲ್ಲಿನ ಟ್ರೇಡ್ ಸ್ಟ್ರೀಟ್‌ನಲ್ಲಿ ಫೆಡರಲ್ ಸರ್ಕಾರದ ಟಂಕಸಾಲೆಯೊಂದು ಚಿನ್ನದ ನಾಣ್ಯ ಹೊಡೆಯುತ್ತಿತ್ತು. ಚಿನ್ನ ಬಿಟ್ಟರೆ ಬೇರೆ ಲೋಹ ಮುಟ್ಟಲಿಲ್ಲ. 1930ರ ದಶಕದಲ್ಲಿ ಅಂಚೆ ಕಚೇರಿ ವಿಸ್ತರಿಸಲೆಂದು ಕಟ್ಟಡ ಕೆಡವಲು ಹೊರಟಾಗ ಊರಿನ ಜನ ಅದರ ಕಲ್ಲುಗಳನ್ನು ಕೊಂಡು, ರಾಂಡಾಲ್ಫ್ ರಸ್ತೆಗೆ ಸಾಗಿಸಿ ಮತ್ತೆ ಕಟ್ಟಿದರು. 1936ರಲ್ಲಿ ಅದು ಮಿಂಟ್ ಮ್ಯೂಸಿಯಂ ಎಂಬ ಕಲಾ ಸಂಗ್ರಹಾಲಯವಾಯಿತು. ಬಾಗಿಲ ಮೇಲೆ ಈಗಲೂ ದೊಡ್ಡ ಹದ್ದು ರೆಕ್ಕೆ ಬಿಚ್ಚಿ ಕೂತಿದೆ. ಒಳಗೆ ಪಿಂಗಾಣಿ, ವರ್ಣಚಿತ್ರ ನೋಡಲು ಬರುವವರೇ ಹೆಚ್ಚು. ಇಲ್ಲೇ ಹೊಡೆದ ನಾಣ್ಯಗಳ ಮುಂದೆ ಗುಂಪು ಸೇರಿದ್ದನ್ನು ನಾನು ಕಂಡಿಲ್ಲ.

ಇಂಥ ಮೂಲೆಯಲ್ಲಿ ಟಂಕಸಾಲೆ ಯಾಕೆ? 1799ರಲ್ಲಿ, ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿಯ ಒಂದು ಹಳ್ಳದಲ್ಲಿ ಕಾನ್ರಾಡ್ ರೀಡ್ ಎಂಬ ಹುಡುಗನಿಗೆ ಹಳದಿ ಕಲ್ಲೊಂದು ಸಿಕ್ಕಿತು. ತೂಕ 17 ಪೌಂಡ್, ಅಂದರೆ ಏಳೂಮುಕ್ಕಾಲು ಕಿಲೋ. ಮನೆಯವರು ಅದನ್ನು ಬಾಗಿಲಿಗೆ ಆನಿಕೆಯಾಗಿ ಇಟ್ಟುಕೊಂಡರು. 1802ರಲ್ಲಿ ಅಪ್ಪ ಅದನ್ನು ಒಬ್ಬ ಆಭರಣದ ವ್ಯಾಪಾರಿಗೆ ಮೂರೂವರೆ ಡಾಲರಿಗೆ ಮಾರಿದ. ಸಾವಿರಾರು ಡಾಲರಿನ ಚಿನ್ನ! ಕ್ಯಾಲಿಫೋರ್ನಿಯಾದ ಹೆಸರು ಕೇಳುವುದಕ್ಕೆ ಅರ್ಧ ಶತಮಾನ ಮೊದಲೇ ಅಮೆರಿಕದ ಚಿನ್ನ ಅಂದರೆ ಕ್ಯಾರೊಲೈನಾದ ಚಿನ್ನ, ಆಮೇಲೆ ಜಾರ್ಜಿಯಾದ ಚಿನ್ನ.

ಅಗೆದವರಿಗೆ ಒಂದು ಕಷ್ಟವಿತ್ತು. ಪುಡಿ ಚಿನ್ನ ಅಂಗಡಿಯಲ್ಲಿ ನಡೆಯುವುದಿಲ್ಲ, ಟಂಕಸಾಲೆ ಇರುವುದು ದೂರದ ಫಿಲಡೆಲ್ಫಿಯಾದಲ್ಲಿ, ದಾರಿಯಲ್ಲಿ ಕಳ್ಳರು. ಆಗ ಕೈಹಚ್ಚಿದವನು ಜರ್ಮನಿಯಿಂದ ವಲಸೆ ಬಂದಿದ್ದ ಕ್ರಿಸ್ಟೋಫರ್ ಬೆಕ್ಟ್ಲರ್ ಎಂಬ ಅಕ್ಕಸಾಲಿಗ. ರದರ್‌ಫರ್ಡ್‌ಟನ್ ಬಳಿ ಮನೆಯಲ್ಲೇ ಅಚ್ಚು ಕೊರೆದು, 1830ರ ದಶಕದ ಆರಂಭದಲ್ಲಿ ಒಂದು ಡಾಲರಿನ ಚಿನ್ನದ ನಾಣ್ಯ ಹೊಡೆದ. ಅಮೆರಿಕದ ಮೊದಲ ಚಿನ್ನದ ಡಾಲರ್ ಇದೇ, ಸರ್ಕಾರದ್ದಲ್ಲ, ಖಾಸಗಿಯದು. ಸಂವಿಧಾನ ನಾಣ್ಯ ಹೊಡೆಯಬಾರದೆಂದು ರಾಜ್ಯಗಳಿಗೆ ಹೇಳಿತ್ತೇ ಹೊರತು ವ್ಯಕ್ತಿಗಳಿಗಲ್ಲ. ಆ ಸಂದಿ ಮುಚ್ಚಿದ್ದು 1864ರಲ್ಲಿ. ಬೆಕ್ಟ್ಲರ್ ನಾಣ್ಯದಲ್ಲಿ ದೇವಿಯ ಮುಖವಿಲ್ಲ, ಹದ್ದಿಲ್ಲ. ಅವನ ಹೆಸರು, ಕ್ಯಾರೊಲೈನಾ ಎಂಬ ಊರಗುರುತು, ಎಷ್ಟು ಗ್ರೇನ್ ತೂಕ, ಎಷ್ಟು ಕ್ಯಾರಟ್. ನಮ್ಮೂರ ಅಕ್ಕಸಾಲಿ ಚೀಟಿಯಲ್ಲಿ ಬರೆದುಕೊಡುವಂತೆ ಲೆಕ್ಕವನ್ನೇ ನಾಣ್ಯದ ಮೇಲೆ ಬರೆದುಬಿಟ್ಟಿದ್ದಾನೆ. ಚಂದದ ಮಾತಿಗೆ ಬಂದರೆ ಸೊನ್ನೆ, ಆದರೂ ನನ್ನ ಕಣ್ಣಿಗೆ ಲಾಂಗೇಕರನ ಅಲಂಕಾರಕ್ಕಿಂತ ಇದೇ ಹೆಚ್ಚು.

ಯಾರು ಈ ಲಾಂಗೇಕರ್ ಅಂದರೆ, ಫಿಲಡೆಲ್ಫಿಯಾ ಟಂಕಸಾಲೆಯ ಮುಖ್ಯ ಅಚ್ಚುಗಾರ, ಜೇಮ್ಸ್ ಬಾರ್ಟನ್ ಲಾಂಗೇಕರ್. ಸರ್ಕಾರಿ ಚಿನ್ನದ ಡಾಲರ್ ಅವನ ಕೈಯಿಂದ ಬಂತು. ಟಂಕಸಾಲೆಯ ನಿರ್ದೇಶಕ ರಾಬರ್ಟ್ ಪ್ಯಾಟರ್ಸನ್‌ಗೆ ಈ ನಾಣ್ಯ ಬೇಡವೇ ಬೇಡವಾಗಿತ್ತು; ಇಷ್ಟು ಚಿಕ್ಕದು ಯಾರಿಗೆ ಬೇಕು, ಕಳೆದುಹೋಗುತ್ತದೆ ಎಂಬ ಧಾಟಿ. 1849ರ ಮಾರ್ಚ್ 3ರಂದು ಕಾಂಗ್ರೆಸ್ ಕಾನೂನು ಮಾಡಿಯೇಬಿಟ್ಟಿತು. ಅದೇ ಕಾನೂನಿನಲ್ಲಿ ಇಪ್ಪತ್ತು ಡಾಲರಿನ ದೊಡ್ಡ ನಾಣ್ಯಕ್ಕೂ ಒಪ್ಪಿಗೆ ಸಿಕ್ಕಿತು. ಕ್ಯಾಲಿಫೋರ್ನಿಯಾದ ಚಿನ್ನ ಹೊಳೆಯಾಗಿ ಹರಿದು ಬರತೊಡಗಿದ ಹೊತ್ತು ಅದು.

ಆ ಹೊಳೆಯಿಂದಲೇ ಪುಟ್ಟ ಡಾಲರಿಗೆ ದೆಸೆ ತಿರುಗಿತು. ಚಿನ್ನ ಹೆಚ್ಚಾದಂತೆ ಅದರ ಮುಂದೆ ಬೆಳ್ಳಿ ತುಟ್ಟಿಯಾಯಿತು. ಬೆಳ್ಳಿ ನಾಣ್ಯದೊಳಗಿನ ಲೋಹ ಅದರ ಮುಖಬೆಲೆಯನ್ನು ಮೀರಿತು. ಇನ್ನು ಕೇಳಬೇಕೆ? ವ್ಯಾಪಾರಿಗಳು ಬೆಳ್ಳಿ ನಾಣ್ಯ ಬಾಚಿ ಕರಗಿಸಿದರು, ಹಡಗು ಹತ್ತಿಸಿದರು. ಪೇಟೆಯಲ್ಲಿ ಚಿಲ್ಲರೆಗೆ ಬರ ಬಂತು. ಆ ಬರದಲ್ಲಿ ಕೈಹಿಡಿದದ್ದು ಪ್ಯಾಟರ್ಸನ್‌ಗೆ ಬೇಡವಾಗಿದ್ದ ಇದೇ ಚಿನ್ನದ ಡಾಲರ್. 1853ರಲ್ಲಿ ಫಿಲಡೆಲ್ಫಿಯಾ ಒಂದೇ 40,76,051 ನಾಣ್ಯ ಹೊಡೆಯಿತು. ಅದೇ ವರ್ಷ ಸರ್ಕಾರ ಸಣ್ಣ ಬೆಳ್ಳಿ ನಾಣ್ಯಗಳ ತೂಕ ಇಳಿಸಿತು, ಕರಗಿಸಿ ಲಾಭವಿಲ್ಲ ಎಂದಾಗ ಬೆಳ್ಳಿ ಪೇಟೆಗೆ ಮರಳಿತು, ಡಾಲರಿನ ಬೇಡಿಕೆ ಕುಸಿಯಿತು. ಇವತ್ತು ಈ ಸಂಗ್ರಹ ಶುರುಮಾಡುವ ಯಾರ ಕೈಗಾದರೂ ಮೊದಲು ಬರುವುದು 1853ರದ್ದೇ. ಹೀನಾಯ ಮಾಡಬೇಕಿಲ್ಲ, ಒಳ್ಳೆಯ ಸ್ಥಿತಿಯ ನಾಣ್ಯ ಚಿನ್ನದ ಬೆಲೆಯ ಆಸುಪಾಸಿನಲ್ಲೇ ಸಿಗುತ್ತದೆ, ಕಣ್ಣು ಪಳಗಿಸಿಕೊಳ್ಳಲು ಅದಕ್ಕಿಂತ ಅಗ್ಗದ ಪಾಠಶಾಲೆ ಇಲ್ಲ.

1854ರಲ್ಲಿ ನಾಣ್ಯ ಬದಲಾಯಿತು. ಚಿಕ್ಕದಾಯಿತೆಂಬ ದೂರಿಗೆ ತೂಕ ಹಾಗೇ ಇಟ್ಟು, ತೆಳ್ಳಗೆ ಮಾಡಿ, 15 ಮಿಲಿಮೀಟರಿಗೆ ಅಗಲಿಸಿದರು. ಹದಿಮೂರು ನಕ್ಷತ್ರಗಳ ನಡುವಿನ ಕಿರೀಟದ ಮುಖ ಹೋಗಿ ಗರಿ ಮುಡಿದ ಹೆಣ್ಣಿನ ತಲೆ ಬಂತು. ಸಂಗ್ರಾಹಕರ ಬಾಯಲ್ಲಿ ಇದು ‘ಟೈಪ್ ಟು’, ‘ಇಂಡಿಯನ್ ಪ್ರಿನ್ಸೆಸ್’. ಹಿಂಬದಿಯಲ್ಲಿ ಮೆಕ್ಕೆಜೋಳ, ಗೋಧಿ, ಹತ್ತಿ, ಹೊಗೆಸೊಪ್ಪು ಹೆಣೆದ ಹಾರ. ಚಿತ್ರ ಸೊಗಸಾಗಿತ್ತು, ಲೆಕ್ಕ ತಪ್ಪಿತ್ತು. ಮುಂಬದಿಯ ತಲೆ ಎಷ್ಟು ಉಬ್ಬಿತ್ತೆಂದರೆ ಅದರ ಆಳ ತುಂಬುವಷ್ಟರಲ್ಲಿ ಲೋಹ ಮುಗಿದುಹೋಗಿ, ನೇರ ಬೆನ್ನಿಗಿದ್ದ ‘ಡಾಲರ್’ ಪದ ಮತ್ತು ಇಸವಿ ಮಸುಕಾದವು. ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ನೋಡಿದರೆ ತಮಾಷೆ: ಅಂಚಿನ ಹಾರದ ಎಲೆಗಳು ಗರಿಗರಿ, ನಟ್ಟನಡುವೆ ಎರಡು ‘ಎಲ್’ ಅಕ್ಷರಗಳು, ಕೆಳಗೆ ‘8’, ‘5’ ಅಂಕಿಗಳು ಮಂಜಿನೊಳಗೆ. ಅಚ್ಚುಗಳು ನಡುವೆ ಬಿಲ್ಲೆಯಿಲ್ಲದೆ ಒಂದಕ್ಕೊಂದು ಬಡಿದ ಗುರುತೂ ಮುಖದ ಸುತ್ತ ಕಾಣುತ್ತದೆ. 1856ರಲ್ಲಿ ತಲೆಯನ್ನು ದೊಡ್ಡದು ಮಾಡಿ, ಉಬ್ಬು ತಗ್ಗಿಸಿದರು. ಆ ‘ಟೈಪ್ ತ್ರೀ’ 1889ರವರೆಗೆ ನಡೆಯಿತು. ನಡುವಿನ ‘ಟೈಪ್ ಟು’ ಅಲ್ಪಾಯುಷಿ. ಚೆನ್ನಾಗಿ ಮೂಡಿದ ಪ್ರತಿಗೆ ಉಳಿದೆರಡರ ಹಲವು ಪಟ್ಟು ಕೊಡಬೇಕು. ಕೆಟ್ಟದಾಗಿ ಹುಟ್ಟಿದ ಜಾತಿಯಲ್ಲಿ ಚೆನ್ನಾಗಿ ಹುಟ್ಟಿದ್ದಕ್ಕೆ ಈ ಬೆಲೆ.

ಹೊಸಬರು ಮೊದಲು ನೋಡುವುದು ಎಷ್ಟು ನಾಣ್ಯ ಹೊಡೆದರು ಎಂಬ ಸಂಖ್ಯೆಯನ್ನು. ಸಂಖ್ಯೆ ಕಡಿಮೆ, ಆದ್ದರಿಂದ ಅಪರೂಪ. ಇದು ಅರ್ಧ ಸತ್ಯ. 1856ರಲ್ಲಿ ಜಾರ್ಜಿಯಾದ ದಹ್ಲೋನಿಗಾ ಟಂಕಸಾಲೆ ಹೊಡೆದದ್ದು 1,460 ಡಾಲರ್. 1880ರಲ್ಲಿ ಫಿಲಡೆಲ್ಫಿಯಾ ಹೊಡೆದದ್ದು ಸುಮಾರು 1,600. ಕಾಗದದ ಮೇಲೆ ಅಣ್ಣತಮ್ಮಂದಿರು. ಆದರೆ 1880ರ ಹೊತ್ತಿಗೆ ಚಿನ್ನದ ಡಾಲರ್ ಪೇಟೆಯಲ್ಲಿ ನಡೆಯುವ ನಾಣ್ಯವಾಗಿ ಉಳಿದಿರಲಿಲ್ಲ. ಅದು ಉಡುಗೊರೆ ಕೊಡುವ ವಸ್ತುವಾಗಿತ್ತು. ಮುಂದೆ ಬೆಲೆ ಬಂದೀತೆಂದು ಎತ್ತಿಟ್ಟವರೂ ಇದ್ದರು. ಹಾಗಾಗಿ 1880ರದು ಇಂದಿಗೂ ಹೊಸದರಂತೆ ಥಳಥಳಿಸುತ್ತಾ ಸಿಗುತ್ತದೆ. 1856ರ ದಹ್ಲೋನಿಗಾ ನಾಣ್ಯವನ್ನು ಯಾರೂ ಎತ್ತಿಡಲಿಲ್ಲ. ಅದು ದಿನದ ಕೂಲಿಯಾಗಿ, ಜೋಳದ ಮೂಟೆಯಾಗಿ, ಸಾಲದ ಕಂತಾಗಿ ಕೈಯಿಂದ ಕೈಗೆ ಸವೆಯಿತು. ಉಳಿದ ಕೆಲವೂ ಸವೆದವೇ. ಹೊಡೆದದ್ದೆಷ್ಟು ಅನ್ನುವುದು ದಾಖಲೆಯ ಪ್ರಶ್ನೆ, ಉಳಿದದ್ದೆಷ್ಟು ಅನ್ನುವುದು ಬದುಕಿನ ಪ್ರಶ್ನೆ. ಬೆಲೆ ನಿಂತಿರುವುದು ಎರಡನೆಯದರ ಮೇಲೆ.

ಫಿಲಡೆಲ್ಫಿಯಾದ ಡಾಲರಿನಲ್ಲಿ ಊರಿನ ಗುರುತಿಲ್ಲ. ಬೇರೆ ಟಂಕಸಾಲೆಗಳದ್ದಾದರೆ ಹಾರದ ಗಂಟಿನ ಕೆಳಗೆ ಸಾಸಿವೆಯಷ್ಟು ಅಕ್ಷರ: ಷಾರ್ಲಟ್‌ಗೆ ಸಿ, ದಹ್ಲೋನಿಗಾಕ್ಕೆ ಡಿ, ನ್ಯೂ ಆರ್ಲಿಯನ್ಸ್‌ಗೆ ಓ, ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್. ಸಿ ಮತ್ತು ಡಿ ಎಂದರೆ ಸಂಗ್ರಾಹಕರಿಗೆ ಒಂದು ಥರದ ಭಕ್ತಿ. ಬಿಲ್ಲೆ ಒರಟು, ಅಚ್ಚು ಸವೆದದ್ದು, ಹೊಡೆತ ಅರೆಬರೆ. ಫಿಲಡೆಲ್ಫಿಯಾದ ನಯ ನೋಡಿ ಬಂದವರಿಗೆ ಇವು ನಕಲಿಯಂತೆ ಕಾಣುತ್ತವೆ. 1849ರ ಸಿ ಡಾಲರಿನಲ್ಲಿ ಹಾರದ ತುದಿಗಳು ಮೇಲಿನ ಅಂಕಿಯಿಂದ ದೂರ ನಿಂತ ಒಂದು ಬಗೆಯಿದೆ, ‘ಓಪನ್ ರೀತ್’. ಗೊತ್ತಿರುವ ಪ್ರತಿಗಳು ಒಂದು ಕೈಯ ಬೆರಳುಗಳನ್ನು ಮೀರುವುದಿಲ್ಲ. ಅದರಲ್ಲೊಂದು 2004ರಲ್ಲಿ 6,90,000 ಡಾಲರಿಗೆ ಹರಾಜಾಯಿತು. ಎಲೆಯ ತುದಿ ಒಂದು ಕೂದಲೆಳೆ ಅತ್ತಿತ್ತ ಆದದ್ದಕ್ಕೆ ಇಷ್ಟು ದುಡ್ಡು ಎಂದು ನಗುವವರ ಜೊತೆ ನಾನೂ ನಗುತ್ತೇನೆ, ಆಮೇಲೆ ಮತ್ತೆ ಲೂಪ್ ಎತ್ತಿಕೊಳ್ಳುತ್ತೇನೆ.

ಡಿ ಅಕ್ಷರದ ಮುಂದೆ ಮಾತ್ರ ನಗು ಬರುವುದಿಲ್ಲ. ದಹ್ಲೋನಿಗಾ ಸುತ್ತಲಿನ ಬೆಟ್ಟಗಳು ಚೆರೊಕೀ ಜನರ ನೆಲ. 1829ರ ಸುಮಾರಿಗೆ ಅಲ್ಲಿ ಚಿನ್ನ ಕಂಡಿತು, ಜನ ನುಗ್ಗಿದರು. 1830ರಲ್ಲಿ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಅಟ್ಟುವ ಕಾನೂನು ಬಂತು. 1832ರಲ್ಲಿ ಜಾರ್ಜಿಯಾ ಸರ್ಕಾರ ಚೆರೊಕೀ ನೆಲವನ್ನು ನಲವತ್ತು ಎಕರೆಯ ತುಂಡು ಮಾಡಿ ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು. ಹೌದು, ಲಾಟರಿ. 1838ರ ವಸಂತದಲ್ಲಿ ದಹ್ಲೋನಿಗಾ ಟಂಕಸಾಲೆಯಿಂದ ಮೊದಲ ನಾಣ್ಯಗಳು ಹೊರಬಂದವು. ಅದೇ ವಸಂತದ ಕೊನೆಗೆ ಸೈನಿಕರು ಚೆರೊಕೀ ಕುಟುಂಬಗಳನ್ನು ಮನೆಗಳಿಂದ ಎಳೆದು ದೊಡ್ಡಿಗಳಿಗೆ ತುಂಬತೊಡಗಿದರು. ಪಶ್ಚಿಮಕ್ಕೆ ಅಟ್ಟಿದ ಆ ದಾರಿಯಲ್ಲಿ ಸತ್ತವರು ನಾಲ್ಕು ಸಾವಿರದಷ್ಟು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹದಿನೇಳು ವರ್ಷದ ಮೇಲೆ, 1855ರಲ್ಲಿ, ಅದೇ ಟಂಕಸಾಲೆ ಗರಿ ಮುಡಿದ ‘ಇಂಡಿಯನ್ ಪ್ರಿನ್ಸೆಸ್’ ಡಾಲರ್ ಹೊಡೆಯಿತು. ಒಟ್ಟು 1,811. ಮುಖ ನೋಡಿದರೆ ಯಾವ ಕೋನದಿಂದಲೂ ಚೆರೊಕೀ ಅಲ್ಲ. ಯುರೋಪಿನ ಶಿಲ್ಪಗಳ ಮೂಗು, ಗಲ್ಲ, ಮೇಲೊಂದಿಷ್ಟು ಗರಿ. ನೆಲ ಕಳೆದುಕೊಂಡವರ ಚಿನ್ನದ ಮೇಲೆ ಅವರದೇ ವೇಷದ ಗೊಂಬೆ. ಕ್ಯಾಟಲಾಗುಗಳು 1855ರ ಡಿ ಡಾಲರನ್ನು ಮೂಡಿಕೆ, ಬಣ್ಣ, ಹೊಳಪು ಎಂದು ಪುಟಗಟ್ಟಲೆ ವರ್ಣಿಸುತ್ತವೆ. ಈ ಮಾತಿಗೆ ಅರ್ಧ ಸಾಲು ಸಿಕ್ಕರೆ ಪುಣ್ಯ. ನಾಣ್ಯದ ಬೆಲೆಯಲ್ಲಿ ಇತಿಹಾಸದ ಪಾಲಿದೆ ಎಂದು ನಂಬುವ ವ್ಯಾಪಾರ ಇತಿಹಾಸದಲ್ಲಿ ತನಗೆ ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಳ್ಳುತ್ತದೆ.

ಬೇಕಾದ ತುಂಡು ಯಾವುದೆಂದರೆ 1861. ಆ ವರ್ಷದ ಅಚ್ಚುಗಳು ಫಿಲಡೆಲ್ಫಿಯಾದಿಂದ ದಹ್ಲೋನಿಗಾಕ್ಕೆ ಬಂದಿದ್ದವು. ಅಷ್ಟರಲ್ಲಿ, ಅಂತರ್ಯುದ್ಧದ ಹೊಸ್ತಿಲಲ್ಲಿ, ಜಾರ್ಜಿಯಾ ಅಮೆರಿಕದ ಒಕ್ಕೂಟ ಬಿಟ್ಟಿತು, ಟಂಕಸಾಲೆ ದಕ್ಷಿಣದವರ ಕೈಸೇರಿತು. ಉಳಿದ ಚಿನ್ನದಲ್ಲಿ ಅವರು ಡಾಲರ್ ಹೊಡೆದರು, ಸರ್ಕಾರಿ ಲೆಕ್ಕದ ಪುಸ್ತಕಕ್ಕೆ ಏರಿಸಲಿಲ್ಲ. ಎಷ್ಟು ಎಂಬುದು ಊಹೆ, ಸಾವಿರದ ಆಸುಪಾಸು ಎನ್ನುತ್ತಾರೆ. ನಾಣ್ಯ ನೋಡಿದರೆ ಅನುಭವವಿಲ್ಲದ ಕೈ ಎಂದು ಗೊತ್ತಾಗುತ್ತದೆ: ‘ಯುನೈಟೆಡ್’ ಪದದ ಮೊದಲ ಅಕ್ಷರಗಳೇ ಮೂಡಿಲ್ಲ. ಒಕ್ಕೂಟ ಒಡೆದವರು ಹೊಡೆದ ನಾಣ್ಯದಲ್ಲಿ ಆ ಪದವೇ ಅಳಿಸಿಹೋಗಿದೆ ಎಂದು ಡೀಲರುಗಳು ಕಣ್ಣು ಮಿಟುಕಿಸಿ ಹೇಳುತ್ತಾರೆ. ಹಿಂದಿನ ವರ್ಷದ ಡಿ ನಾಣ್ಯದಲ್ಲೂ ಅದೇ ಜಾಗ ಮಸುಕು ಎನ್ನುವುದನ್ನು ಹೇಳುವುದಿಲ್ಲ. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕೆ ನಿಂತವರ ನಾಣ್ಯಕ್ಕೆ ಈ ಪರಿ ಮೋಹ ನನಗೆ ಹಿಡಿಸದು. ದುಡ್ಡಿದ್ದರೂ ಕೊಳ್ಳುತ್ತಿರಲಿಲ್ಲ ಎಂದರೆ ನಂಬುವವರು ಕಡಿಮೆ, ಇರಲಿ.

ಇನ್ನು ಬೆಲೆ ಕಟ್ಟುವ ವಿಷಯ. ಶೇ. 90 ಚಿನ್ನ, ಅಂದರೆ ಶುದ್ಧ ಚಿನ್ನ ಒಂದೂವರೆ ಗ್ರಾಂ. ಮಟ್ಟ ನಮ್ಮ 916ಕ್ಕಿಂತ ಸ್ವಲ್ಪ ಕೆಳಗೆ. ಗ್ರಾಂಗೆ ಹತ್ತು ಸಾವಿರ ರೂಪಾಯಿ ಎಂದು ಹಿಡಿದರೆ ಹದಿನೈದು ಸಾವಿರ. ಇದು ನೆಲಗಟ್ಟು, ಇದರ ಕೆಳಗೆ ಬೆಲೆ ಇಳಿಯುವುದಿಲ್ಲ. ಚಿನ್ನ ಏರಿದಾಗ 1853ರಂಥ ಸಾಮಾನ್ಯ ನಾಣ್ಯ ಜೊತೆಗೇ ಏರುತ್ತದೆ. ಅಪರೂಪದ ಸಿ, ಡಿಗಳು ಏರಲೇಬೇಕೆಂದಿಲ್ಲ. ಅವುಗಳ ಬೆಲೆ ಕೊಳ್ಳುವ ಹತ್ತಿಪ್ಪತ್ತು ಜನರ ಜಿದ್ದಿನಲ್ಲಿದೆ, ಚಿನ್ನದ ಪೇಟೆಯಲ್ಲಿಲ್ಲ. ಚಿನ್ನ ಏರುತ್ತಿದೆ ಅಂತ ಹಳೆಯ ನಾಣ್ಯ ಹಿಡಿಯುವವರು ಈ ಎರಡು ದಾರಿಗಳನ್ನು ಕಲಸಿಕೊಳ್ಳುತ್ತಾರೆ.

ಬೆಲೆಯನ್ನು ಮುರಿಯುವುದರಲ್ಲಿ ಮೊದಲನೆಯದು ಒಡವೆ. ನಾವು ಕಾಸಿನ ಸರದ ಜನ. ನಾಣ್ಯ ಕಂಡರೆ ಕೊಂಡಿ ಹಾಕಿಸಿ ಕೊರಳಿಗೆ ಏರಿಸುವುದು ನಮಗೆ ಸಹಜ. ಹತ್ತೊಂಬತ್ತನೇ ಶತಮಾನದ ಅಮೆರಿಕನ್ನರೂ ಅದನ್ನೇ ಮಾಡಿದರು. ಬ್ರೂಚು, ತೋಳಗುಂಡಿ, ಟೈ ಪಿನ್ನು. ಒಂದು ಬದಿಯನ್ನು ಉಜ್ಜಿ ನುಣುಪು ಮಾಡಿ, ಪ್ರಿಯತಮೆಯ ಹೆಸರಿನ ಅಕ್ಷರ ಕೆತ್ತಿಸಿ ಕೊಡುತ್ತಿದ್ದರು. ಆಮೇಲಿನವರು ಕೊಂಡಿ ಕಿತ್ತು, ಅರ ಹಾಕಿ, ನಾಣ್ಯವೆಂದು ಮಾರಿದರು. ಆದ್ದರಿಂದ ನಾನು ಮೊದಲು ನೋಡುವುದು ಮುಖವನ್ನಲ್ಲ, ಅಂಚನ್ನು. ದೀಪದ ಕೆಳಗೆ ನಿಧಾನ ತಿರುಗಿಸುತ್ತಾ ಹೋದರೆ ಗೆರೆಗಳು ಸಾಲಾಗಿ ಬರುತ್ತವೆ, ಹನ್ನೆರಡು ಗಂಟೆಯ ಜಾಗದಲ್ಲಿ ಒಮ್ಮೆಲೇ ಎರಡು ಮೂರು ಗೆರೆ ಕರಗಿ ನುಣ್ಣಗಾಗಿರುತ್ತದೆ, ಅಲ್ಲೇ ಬೆಸುಗೆಯ ಬಿಳಿಚು ಬಣ್ಣ. ಆಯಿತು, ಬೆಲೆ ಅರ್ಧಕ್ಕೆ ಬಂತು.

ಎರಡನೆಯದು ತೊಳೆಯುವುದು. ಹುಣಸೆಹಣ್ಣು, ಅಂಟುವಾಳ ಹಾಕಿ ಒಡವೆ ಬೆಳಗುವ ನಮ್ಮವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಅಚ್ಚಿನಿಂದ ಬಂದ ನಾಣ್ಯದ ಮೈಮೇಲೆ ಲೋಹ ಹರಿದ ಸೂಕ್ಷ್ಮ ಎಳೆಗಳಿರುತ್ತವೆ. ನಾಣ್ಯವನ್ನು ಓರೆಮಾಡಿ ತಿರುಗಿಸಿದರೆ ಗಾಡಿಯ ಚಕ್ರದ ಕಡ್ಡಿಗಳಂತೆ ಬೆಳಕು ಸುತ್ತ ಓಡುತ್ತದೆ. ಒಂದು ಸಲ ಬಟ್ಟೆಯಿಂದ ಉಜ್ಜಿದರೆ ಆ ಓಟ ಸತ್ತು, ಒಂದೇ ದಿಕ್ಕಿನ ಗೀರುಗಳು ಉಳಿಯುತ್ತವೆ. ಸತ್ತದ್ದು ಮತ್ತೆ ಬರುವುದಿಲ್ಲ. ಷಾರ್ಲಟ್ ಚಿನ್ನಕ್ಕೆ ಒಂದು ಕೊಳೆ ಮುಸುಕಿದ ಬಣ್ಣವಿದೆ, ಕೆಲವಕ್ಕೆ ಹಸಿರು ಛಾಯೆ, ಕೆಲವಕ್ಕೆ ತಾಮ್ರದ ಕೆಂಪು. ಅದನ್ನು ಇಲ್ಲಿನವರು ‘ಒರಿಜಿನಲ್ ಸ್ಕಿನ್’ ಅನ್ನುತ್ತಾರೆ, ಅದಕ್ಕೇ ದುಡ್ಡು ಸುರಿಯುತ್ತಾರೆ.

ಈ ತಗಾದೆಗಳನ್ನು ತೀರ್ಮಾನಿಸಲು ಒಂದರಿಂದ 70ರ ಅಂಕಪಟ್ಟಿ ಇದೆ. 1980ರ ದಶಕದ ಕೊನೆಯಿಂದ ಪಿಸಿಜಿಎಸ್, ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಇದರಿಂದ ನಕಲಿಯ ಕಾಟ ತಗ್ಗಿತು, ಸುಳ್ಳಲ್ಲ. ಈ ಡಾಲರಿನ ನಕಲಿಗಳನ್ನು ಎಷ್ಟೋ ಸಲ ಅಸಲಿ ಚಿನ್ನದಲ್ಲೇ, ಸರಿಯಾದ ತೂಕದಲ್ಲೇ ಮಾಡಿರುತ್ತಾರೆ, ತಕ್ಕಡಿ ಕೈಕೊಡುತ್ತದೆ. ಫಿಲಡೆಲ್ಫಿಯಾದ ನಾಣ್ಯದ ಕೆಳಗೆ ಸಿ ಅಕ್ಷರ ಕೂರಿಸುವ ಕಸುಬುದಾರರೂ ಇದ್ದಾರೆ. ಆದರೆ ಪೆಟ್ಟಿಗೆ ಬಂದ ಮೇಲೆ ಜನ ನಾಣ್ಯ ಬಿಟ್ಟು ಚೀಟಿ ಕೊಳ್ಳತೊಡಗಿದರು. 58 ಅಂಕದ ಕಳೆಗುಂದಿದ ನಾಣ್ಯಕ್ಕಿಂತ 50 ಅಂಕದ, ಮುಟ್ಟದ ಮೈಯ ನಾಣ್ಯ ನನಗೆ ಹೆಚ್ಚು. ಮಾರಲು ಹೋದಾಗ ಪೇಟೆ ಒಪ್ಪದಿರಬಹುದು, ಅದು ಬೇರೆ ಮಾತು.

ಸದ್ಯ ಹುಡುಕುತ್ತಿರುವುದು 1859ರ ಸಿ. ಷಾರ್ಲಟ್‌ನಲ್ಲಿ ಹೊಡೆದ ಕಟ್ಟಕಡೆಯ ಚಿನ್ನದ ಡಾಲರ್ ಅದು, 5,235 ಮಾತ್ರ. ಚೆನ್ನಾಗಿ ಮೂಡಿದ್ದು ಸಿಗುವುದೇ ಇಲ್ಲ ಎನ್ನುವಷ್ಟು ಕೆಟ್ಟ ಹೊಡೆತಕ್ಕೆ ಹೆಸರುವಾಸಿ. ಈಗ ಕಣ್ಣಿಗೆ ಬಿದ್ದಿರುವ ಒಂದರ ಹಿಂಬದಿಯಲ್ಲಿ ಇಸವಿ ಮಾಸಲು, ಹಾರದ ಎಡಗಡೆ ಇದ್ದೂ ಇಲ್ಲದಂತಿದೆ. ಅಂಚು ಪೂರ್ತಿ ಇದೆ, ಬಣ್ಣ ಯಾರೂ ಕೆಡಿಸಿಲ್ಲ. ಮಾರುವವರು ಪೆಟ್ಟಿಗೆಯ ಮೇಲಿನ ಅಂಕ ತೋರಿಸಿ ಬೆಲೆ ಹೇಳುತ್ತಿದ್ದಾರೆ, ನಾನು ಮೂಡದ ಇಸವಿ ತೋರಿಸಿ ಇಳಿಸುತ್ತಿದ್ದೇನೆ. ಇಬ್ಬರೂ ಇನ್ನೂ ಜಗ್ಗಿಲ್ಲ.